ಷಡ್ಡಕರ ಗೊರಕೆ ಗಣತಿ

ಮದುವೆ ಮನೆಯಲ್ಲಿ ಊಟ ಮುಗಿಸಿ ಯಾರಾದರೂ ಕುರ್ಚಿಯಲ್ಲೇ ಗೊರಕೆ ಹೊಡೆದರೆ ಉಳಿದವರು ನಕ್ಕು ಫ್ಯಾನನ್ನು ಅವರ ಕಡೆ ತಿರುಗಿಸುತ್ತಾರೆ. ನನ್ನ ಷಡ್ಡಕರು ಕೈಗಡಿಯಾರ ಬಿಚ್ಚುತ್ತಾರೆ. ಗೊರಕೆ ನಿಂತು ಮತ್ತೆ ಶುರುವಾಗುವುದರೊಳಗೆ ಹತ್ತು ಸೆಕೆಂಡು ದಾಟಿತೋ, ಆ ಪುಣ್ಯಾತ್ಮರ ಮೊಣಕಾಲು ತಟ್ಟಿ, “ಸ್ವಾಮಿ, ತಮಗೆ ಸ್ಲೀಪ್ ಆಪ್ನಿಯಾ ಇದೆ” ಎನ್ನುತ್ತಾರೆ. ಹೀಗೆ ಎಚ್ಚರಗೊಂಡವರಲ್ಲಿ ಒಬ್ಬರು ವರನ ಸೋದರಮಾವ. ಮುಂದಿನ ಮಾತು ಇಲ್ಲಿ ಬೇಡ.

ಕಾಯಿಲೆಯವರನ್ನು ಸಹಿಸಬಹುದು, ಗುಣ ಕಂಡವರನ್ನು ಸಹಿಸುವುದು ಕಷ್ಟ. ಸಕ್ಕರೆ ಇಳಿಸಿಕೊಂಡವರು ನಮ್ಮ ತಟ್ಟೆಯ ಜಾಮೂನು ನೋಡುತ್ತಾರೆ, ಬೆನ್ನುನೋವು ಕಳೆದುಕೊಂಡವರು ನಾವು ಕೂತ ಭಂಗಿ ನೋಡುತ್ತಾರೆ. ಕಡಿಮೆ ಖರ್ಚಿನಲ್ಲಿ ಗುಣ ಕಂಡವರು ಈ ಕುಲದಲ್ಲೇ ಅತಿ ಉಗ್ರ ಪಂಗಡ.

ಷಡ್ಡಕರು ಆಡಿಟ್ ಕೆಲಸದಲ್ಲಿದ್ದು ನಿವೃತ್ತರಾದವರು. ನಿದ್ದೆಯ ಪರೀಕ್ಷೆಯಲ್ಲಿ ಗಂಟೆಗೆ 42 ಸಲ ಉಸಿರಿಗೆ ಅಡ್ಡಿಯಾಗುತ್ತಿದೆ ಎಂದು ಬಂತು. ಐದರೊಳಗಿರಬೇಕು, 30 ದಾಟಿದರೆ ತೀವ್ರ ಎಂದರು ಡಾಕ್ಟರು. “ಅಂದ್ರೆ 37 ಎಕ್ಸೆಸ್” ಎಂದು ಇವರು ಬರೆದುಕೊಂಡರು. ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿಯುವ ಸಿಪ್ಯಾಪ್ ಯಂತ್ರಕ್ಕೆ 50,000 ರೂಪಾಯಿ ಎಂದಾಗ ಮಾತ್ರ ಎಚ್ಚರವಿದ್ದಾಗಲೇ ಅವರ ಉಸಿರು ನಿಂತಿತು. ಆಸ್ಪತ್ರೆಯಲ್ಲಿ ಮಲಗಿದರೆ ಹಣ ಕೊಡುವ ವಿಮೆಯವರು ಮನೆಯಲ್ಲಿ ಮಲಗುವುದಕ್ಕೆ ಕೊಡುವುದಿಲ್ಲವೆಂದರು.

ಷಡ್ಡಕರು ಅಗ್ಗದ ದಾರಿಯಿಂದಲೇ ಶುರು ಮಾಡಿದರು. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಕಟ್ಟುತ್ತದೆ, ಮಗ್ಗುಲಾದರೆ ಕೆಲವರಿಗೆ ಅಡ್ಡಿ ಕಡಿಮೆಯಾಗುತ್ತದೆ ಎಂದು ತಿಳಿದು, ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿಸಿಕೊಂಡರು. 42ರವರಿಗೆ ಚೆಂಡು ಏನು ಮಾಡೀತು? ಆಮೇಲೆ ಸೆಕೆಂಡ್ ಹ್ಯಾಂಡ್ ಯಂತ್ರ. ಎಷ್ಟು ಗಂಟೆ ಓಡಿದೆ ಎಂದು ಮೀಟರು ನೋಡಿದರು. ಒಳಗಿನ ಫೋಮ್ ಪುಡಿಯಾಗುವ ಭಯದಿಂದ 2021ರಲ್ಲಿ ಒಂದು ಕಂಪನಿ ಲಕ್ಷಾಂತರ ಯಂತ್ರಗಳನ್ನು ವಾಪಸು ಕರೆಸಿದ್ದು ಗೊತ್ತಾಗಿ ಅದನ್ನೂ ಬಿಟ್ಟರು. ಕೊನೆಗೆ ಹೊಸದನ್ನೇ ತಿಂಗಳ ಬಾಡಿಗೆಗೆ ತಂದು, ಒಗ್ಗಿದ ಮೇಲೆ ಕೊಂಡು, ಕಟ್ಟಿದ್ದ ಬಾಡಿಗೆಯನ್ನು ಬೆಲೆಯಲ್ಲಿ ವಜಾ ಹಾಕಿಸಿಕೊಂಡರು. ಅಂಗಡಿಯವನು ಈಗಲೂ ಇವರನ್ನು ಕಂಡರೆ ಫೋನ್ ಕಿವಿಗಿಟ್ಟುಕೊಳ್ಳುತ್ತಾನಂತೆ.

ಒಗ್ಗುವುದೇನೂ ಸುಲಭವಾಗಿರಲಿಲ್ಲ. ಮೊದಮೊದಲು ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತೆಸೆಯುತ್ತಿದ್ದರು. ಅಂಚಿನಲ್ಲಿ ಗಾಳಿ ಸೋರಿ ಸೀಟಿ ಹೊಡೆಯುತ್ತದೆಂದು ಮದುವೆಗೂ ಮುಂಚಿನ ಮೀಸೆಯನ್ನು ಬೋಳಿಸಿದರು. ಹಗಲಲ್ಲಿ ಟೀವಿ ನೋಡುತ್ತಾ ಹಾಕಿಕೊಂಡು ಅಭ್ಯಾಸ ಮಾಡಿ ಎಂದಿದ್ದರು ಡಾಕ್ಟರು. ಹಾಗೆ ಕೂತಿದ್ದಾಗ ಸಿಲಿಂಡರ್ ತಂದ ಹುಡುಗ, ಮನೆಯಲ್ಲಿ ಗ್ಯಾಸ್ ಲೀಕಾಗಿದೆಯೆಂದು ಸಿಲಿಂಡರ್ ಹೊಸಲಲ್ಲೇ ಬಿಟ್ಟು ಓಡಿದ.

ಇವೆಲ್ಲ ಕೇಳಿದ ಕತೆ. ನಾನು ಅನುಭವಿಸಿದ್ದು ಬೆಂಗಳೂರಿನಿಂದ ಧಾರವಾಡದ ಬೀಗರ ಮನೆಗೆ ಅವರ ಜೊತೆ ಹೋದ ರಾತ್ರಿ ರೈಲಿನಲ್ಲಿ. ನನ್ನದು ಮೇಲಿನ ಬರ್ತ್, ಅವರದು ಕೆಳಗಿನದು. ಯಂತ್ರ, ಕೊಳವೆ, ಡಿಸ್ಟಿಲ್ಡ್ ವಾಟರ್ ಬಾಟಲಿ ಎಲ್ಲ ಹರಡಿ, ಮಾಸ್ಕ್ ಬಿಗಿದು ಮಲಗಿದರು. ಹನ್ನೊಂದಕ್ಕೆ ಯಂತ್ರ ನಿಂತಿತು. ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟಿಗೆ ಕರೆಂಟ್ ಕೊಡುವುದಿಲ್ಲ. ಷಡ್ಡಕರು ಟಿಟಿಇಯನ್ನು ತಡೆದು ಪುರಾಣ ತೆಗೆದರು. ಸಿಡ್ನಿಯ ಕಾಲಿನ್ ಸಲಿವನ್ ಎಂಬ ಡಾಕ್ಟರು ಮೂಗಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿದದ್ದು, ಐದೇ ಜನ ರೋಗಿಗಳ ಆ ವರದಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು, ಇವತ್ತು ಇಡೀ ಜಗತ್ತು ಅದನ್ನೇ ಮೂಗಿಗೆ ಕಟ್ಟಿಕೊಂಡಿರುವುದು. ಟಿಟಿಇ ಸಮಾಧಾನವಾಗಿ ಎಲ್ಲವನ್ನೂ ಕೇಳಿ, “ಸರ್, ನನಗೂ ಗೊರಕೆ ಇದೆ” ಎಂದು ಹೊರಟುಹೋದರು.

ಬೆಳಗಿನ ಜಾವ ಹಾವೇರಿ ದಾಟುವಾಗ ಕಣ್ಣು ಬಿಟ್ಟರೆ ಷಡ್ಡಕರು ನೋಟ್‌ಬುಕ್ ಹಿಡಿದು ಎದ್ದು ಕೂತಿದ್ದರು. ನಿದ್ದೆ ಮಾಡಿರಲೇ ಇಲ್ಲ.

“ಅರಸೀಕೆರೆ, 18 ಸೆಕೆಂಡು. ಬೀರೂರು, 22. ದಾವಣಗೆರೆಯಲ್ಲಂತೂ ನಾನೇ ಹೆದರಿಬಿಟ್ಟೆ ಕಣಯ್ಯ. ಎಬ್ಬಿಸೋಣ ಅಂತ ಎದ್ದೆ, ಅಷ್ಟರಲ್ಲಿ ನೀನೇ ಬಿಟ್ಟೆ.”

“ಏನು ಬಿಟ್ಟೆ ಭಾವ?”

“ಉಸಿರು!”

ಬೋಗಿಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಧಾರವಾಡದಲ್ಲಿ ಆ ನೋಟ್‌ಬುಕ್ ಬೀಗರ ಕೈಗೂ ಹೋಯಿತು. ಎರಡು ದಿನ ನಾನು ಯಾವ ಕುರ್ಚಿಗೂ ಒರಗದೆ ಕಳೆದೆ.

ಕೋಪ ಇಳಿದ ಮೇಲೆ ನನ್ನವಳ ಅಕ್ಕ ಹೇಳಿದ ಮಾತು ನೆನಪಾಯಿತು. ಗಂಡನ ಗೊರಕೆಯಿಂದ ಆಕೆ ಎಂದೂ ನಿದ್ದೆಗೆಟ್ಟದ್ದಿಲ್ಲವಂತೆ. ನಿದ್ದೆಗೆಡಿಸಿದ್ದು ಗೊರಕೆ ನಿಂತಾಗಿನ ಮೌನ. ಮುಂದಿನ ಉಸಿರು ಬರುವವರೆಗೆ ಕೈ ಅವರ ಎದೆಯ ಮೇಲಿಟ್ಟು ಕಾಯುತ್ತಿದ್ದರು. ವರ್ಷಗಟ್ಟಲೆ ಹೀಗೇ. ಬೆಳಿಗ್ಗೆ ಹೇಳಿದರೆ, “ನಾನು ಚೆನ್ನಾಗೇ ಮಲಗಿದ್ದೆನಲ್ಲ!” ಎನ್ನುತ್ತಿದ್ದರು ಇವರು. ನಿಜ, ಈ ಕಾಯಿಲೆ ರೋಗಿಗೆ ಕಾಣುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಕಾಣುತ್ತದೆ. ಡಾಕ್ಟರು ಕೂಡ ಮೊದಲು ಕೇಳಿದ್ದು ಆಕೆಯನ್ನೇ. ಆದರೆ ಒಂಟಿ ಮಲಗುವವರೆಷ್ಟು ಮಂದಿ: ಹಾಸ್ಟೆಲಿನವರು, ರಾತ್ರಿ ಲಾರಿಯವರು, ಹೆಂಡತಿ ತೀರಿಹೋದವರು. ಅವರ ಉಸಿರಿನ ಲೆಕ್ಕ ಇಡುವವರು ಯಾರು? ಮದುವೆ ಮನೆಯಲ್ಲಿ ಗಡಿಯಾರ ಬಿಚ್ಚುವ ಈ ಮನುಷ್ಯ, ತನಗೆ ಸಿಕ್ಕಿದ ಸಾಕ್ಷಿಯ ಸಾಲವನ್ನು ಕಂಡಕಂಡವರಿಗೆ ತೀರಿಸುತ್ತಿದ್ದಾರೋ ಏನೋ.

ಹಾಗೆಂದುಕೊಂಡೇ ನಾನೂ ಪರೀಕ್ಷೆ ಮಾಡಿಸಿದೆ. 14 ಬಂತು. ತೂಕ ಇಳಿಸಿ, ಮಗ್ಗುಲಾಗಿ ಮಲಗಿ, ಆಮೇಲೆ ನೋಡೋಣ ಎಂದರು ಡಾಕ್ಟರು. ಫೋನ್ ಮಾಡಿ ಹೇಳಿದೆ. ಷಡ್ಡಕರಿಗೆ ನಿರಾಸೆಯಾಯಿತು, ಅಂಗಡಿಯವನ ಹತ್ತಿರ ಇನ್ನೊಮ್ಮೆ ಚೌಕಾಸಿ ಮಾಡುವ ಅವಕಾಶ ತಪ್ಪಿತಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ನಿನ್ನ ಬನಿಯನ್ ಸೈಜ್ ಎಷ್ಟು? ಚೆಂಡು ನನ್ನ ಹತ್ತಿರ ಹಾಗೇ ಇದೆ. ಅರ್ಧ ಬೆಲೆಗೆ ಕೊಡ್ತೀನಿ.”