ಕೊಳಲಿನ ಕೂಳೆ ಬೆಳೆ

ಆರ್.ಟಿ. ನಗರದ ಆ ಮೂರನೇ ಮಹಡಿಯ ಕೋಣೆಗೆ ಕೈಕಾಲು ತೊಳೆದುಕೊಂಡು ಹೋಗಬೇಕು. ಪಕ್ಕದಲ್ಲೇ ದೇವರ ಮನೆ ಇದೆ, ಅದಕ್ಕೆ ಇಷ್ಟು ಮಡಿ ಇಲ್ಲ. ಇಲ್ಲಿ ಹಾಡಿನ ಪ್ಲೇಟುಗಳಿವೆ. ಬೆರಳಿನ ಜಿಡ್ಡು ತಾಗಿದರೆ ಮುಳ್ಳು ಹಾರುತ್ತದೆ, ಮುಳ್ಳು ಹಾರಿದರೆ ಯಜಮಾನರು ಹಾರುತ್ತಾರೆ.

ತಿಂಗಳಿಗೊಂದು ಭಾನುವಾರ ಐದಾರು ಗಂಡಸರು ಸೇರುವ ಸಭೆ ಇದು. ಯಜಮಾನರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಂಜಯನಗರದಿಂದ ಒಬ್ಬ ಹಲ್ಲಿನ ಡಾಕ್ಟರು ಬರುತ್ತಾರೆ. ಯಶವಂತಪುರ ಯಾರ್ಡಿನ ಈರುಳ್ಳಿ ಮಂಡಿಯವರ ಮಗ ಬರುತ್ತಾನೆ. ಯಲಹಂಕ ನ್ಯೂಟೌನಿನಿಂದ ಬರುವ ಸಾಫ್ಟ್‌ವೇರ್ ಹುಡುಗನಿಗೆ ನಲವತ್ತೇಳು ವರ್ಷ. ಈ ಸಭೆಯಲ್ಲಿ ಅದು ಹಾಲುಗಲ್ಲದ ವಯಸ್ಸು. ಎಲ್ಲರ ಕುಲದೈವ ಒಂದೇ, ಜೆಥ್ರೊ ಟಲ್. 1967ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ಯಾಂಡು. ಇಯಾನ್ ಆಂಡರ್ಸನ್ ಎಂಬಾತ ಮುಂದೆ ಬಂದು, ಒಂಟಿ ಕಾಲಿನಲ್ಲಿ ನಿಂತು ಕೊಳಲೂದುತ್ತಾನೆ. ಅಡ್ಡಗಾಲಿನಲ್ಲಿ ನಿಂತು ಕೊಳಲೂದುವವನು ನಮ್ಮ ಸೋಮನಾಥಪುರದಲ್ಲೂ ಇದ್ದಾನೆ, ಹದಿಮೂರನೇ ಶತಮಾನದಿಂದ. ಅವನು ಒಂದೇ ಆವೃತ್ತಿ.

ಹೋದ ಸಲದ ಚರ್ಚೆ ಅವರ 1971ರ ಆಲ್ಬಮ್ ‘ಅಕ್ವಲಂಗ್’ ಬಗ್ಗೆ. ಅದನ್ನು ಧ್ವನಿಮುದ್ರಿಸಿದ್ದು ಲಂಡನ್ನಿನಲ್ಲಿ, ಹಳೆಯ ಚರ್ಚೊಂದನ್ನು ಸ್ಟುಡಿಯೊ ಮಾಡಿದ ಕಟ್ಟಡದಲ್ಲಿ. ಶಬ್ದ ಮಬ್ಬಾಗಿ ಬಂತೆಂದು ಬ್ಯಾಂಡಿನವರೇ ಗೊಣಗಿದ್ದರು. ನಲವತ್ತು ವರ್ಷ ಕಳೆದ ಮೇಲೆ, 2011ರಲ್ಲಿ, ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಅದನ್ನು ಹೊಸದಾಗಿ ಮಿಕ್ಸ್ ಮಾಡಿಕೊಟ್ಟ. ಅದೇ 2016ರಲ್ಲಿ ಇನ್ನೊಂದು ಅಂಗಿ ತೊಟ್ಟು ಬಂತು. ಯಜಮಾನರ ಬೀರುವಿನಲ್ಲಿ ಎಲ್ಲವೂ ಇವೆ. ‘ಸಾರ್, ಎಡಗಡೆ ಸ್ಪೀಕರಲ್ಲಿ ಅವನು ಉಸಿರು ಎಳ್ಕೊಳ್ಳೋದು ಕೇಳಿಸ್ತಾ? ಹಳೇದರಲ್ಲಿ ಆ ಉಸಿರೇ ಇರಲಿಲ್ಲ’ ಎಂದರು ಡಾಕ್ಟರು. ಕಿವಿಗೊಟ್ಟೆ. ಕೆಳಗೆ ಯಾರೋ ಗ್ಯಾಸ್ ಸಿಲಿಂಡರ್ ಉರುಳಿಸುತ್ತಿದ್ದರು. ಕೇಳಿಸಿತು ಎಂದೆ. ಬೋಂಡ ಇನ್ನೂ ಬಂದಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಮಾಡಿಟ್ಟ ಹುಳಿಯನ್ನೇ ಬಿಸಿ ಮಾಡಿ ಮೇಲೊಂದು ಒಗ್ಗರಣೆ ಕೊಟ್ಟರೆ ಅದು ರೀಮಾಸ್ಟರ್. ಹುಳಿಯೊಳಗಿನ ಬೇಳೆ, ಹುಣಸೆ, ಉಪ್ಪು, ಖಾರವನ್ನೆಲ್ಲ ಬೇರೆ ಬೇರೆ ತೆಗೆದಿಟ್ಟು, ಮೊದಲಿನಿಂದ ಕೂಡಿಸಿದರೆ ರೀಮಿಕ್ಸ್. ಅಡುಗೆಮನೆಯಲ್ಲಿ ಇದು ಆಗದ ಕೆಲಸ. ಟೇಪಿನಲ್ಲಿ ಆಗುತ್ತದೆ, ಏಕೆಂದರೆ ಅಲ್ಲಿ ಕೊಳಲು, ಗಿಟಾರು, ದನಿ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂತಿರುತ್ತವೆ. ವಿಲ್ಸನ್ ಮಾಡಿದ್ದು ಶ್ರದ್ಧೆಯ ಕೆಲಸ, ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಪೆಟ್ಟಿಗೆಯದು. ಇಷ್ಟೆಲ್ಲ ತೊಳೆದು ಬಳಿದು ಹೊಸದು ಮಾಡಿದ ಮೇಲೆ, ಅದೇ ಪೆಟ್ಟಿಗೆಯಲ್ಲಿ ತೊಳೆಯದ ಮೂಲವನ್ನೂ ಇಡುತ್ತಾರೆ: 1971ರ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆ. ಕೊಳೆ ಬೇಕೆನ್ನುವವರಿಗೆ ಕೊಳೆ, ಬೇಡವೆನ್ನುವವರಿಗೆ ಸೋಪು. ಜೊತೆಗೆ ನಾಲ್ಕು ಸ್ಪೀಕರಿನ ಮಿಕ್ಸು, ಆರು ಸ್ಪೀಕರಿನ ಮಿಕ್ಸು. ಯಜಮಾನರ ಕೋಣೆ ಹತ್ತಡಿ-ಹನ್ನೆರಡಡಿ. ಆರನೇ ಸ್ಪೀಕರು ವಾಷಿಂಗ್ ಮಷೀನಿನ ಮೇಲಿದೆ.

ಈ ಪೆಟ್ಟಿಗೆಗಳಿಗೆ ಹೆಸರಿಡುವವನು ಯಾರೋ, ಅವನಿಗೊಂದು ನಮಸ್ಕಾರ. 2016ರಲ್ಲಿ ಬೇರೊಂದು ಆಲ್ಬಮ್ಮಿಗೆ ‘ಎತ್ತರಿಸಿದ ಆವೃತ್ತಿ’. ‘ಹೆವಿ ಹಾರ್ಸಸ್’ ಎಂಬ 1978ರ ಕುದುರೆಗಳ ಆಲ್ಬಮ್ಮಿಗೆ 2018ರಲ್ಲಿ ‘ಹೊಸ ಲಾಳದ ಆವೃತ್ತಿ’. 2023ರಲ್ಲಿ ಮತ್ತೊಂದಕ್ಕೆ ‘ರಾಕ್ಷಸ ಆವೃತ್ತಿ’, ಎಂಟು ಡಿಸ್ಕು. 2024ರಲ್ಲಿ ಇನ್ನೊಂದಕ್ಕೆ ‘ಉಬ್ಬಿದ ಆವೃತ್ತಿ’. ಈ ಕೊನೆಯ ಹೆಸರು ಆಲ್ಬಮ್ಮಿನದೋ ಬೆಲೆಯದೋ ಎಂದು ಮಂಡಿಯವರ ಮಗ ಕೇಳಿದ. ಈರುಳ್ಳಿ ಕಂಡವನು, ಅವನಿಗೆ ಗೊತ್ತಾಗುತ್ತದೆ.

ನಮ್ಮ ಕಡೆ ಇದಕ್ಕೊಂದು ಹೆಸರಿದೆ, ಕೂಳೆ ಬೆಳೆ. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟರೆ ಮತ್ತೆ ಚಿಗುರುತ್ತದೆ. ಬಿತ್ತನೆ ಖರ್ಚಿಲ್ಲ, ಉಳುಮೆ ಖರ್ಚಿಲ್ಲ. ಆದರೆ ಕೂಳೆ ಮೇಲೆ ಕೂಳೆ ಬಿಟ್ಟರೆ ಇಳುವರಿ ಬೀಳುತ್ತದೆ, ಕಿತ್ತು ಹೊಸದು ನಾಟಿ ಮಾಡು ಅನ್ನುತ್ತಾರೆ ಕೃಷಿ ಪಂಡಿತರು. ಲಂಡನ್ನಿನ ಕಂಪನಿಗೆ ಆ ಸಲಹೆ ಬೇಕಿಲ್ಲ. ಅಲ್ಲಿ ಪ್ರತಿ ಕೂಳೆಗೂ ಇಳುವರಿ ಏರುತ್ತದೆ, ಏಕೆಂದರೆ ಗೊಬ್ಬರ ಆರ್.ಟಿ. ನಗರದಿಂದ ಹೋಗುತ್ತದೆ.

ಕೃಷಿಯ ಮಾತು ಸುಮ್ಮನೆ ತಂದಿದ್ದಲ್ಲ. ಜೆಥ್ರೊ ಟಲ್ ಎಂಬುದು ಬ್ಯಾಂಡಿಗೆ ಅವರ ಏಜೆಂಟನ ಕಡೆಯಿಂದ ಬಂದ ಹೆಸರು. ಅಸಲಿ ಟಲ್ ಇಂಗ್ಲೆಂಡಿನ ಬೇಸಾಯಗಾರ. 1701ರ ಸುಮಾರಿಗೆ ಸಾಲಾಗಿ ಬೀಜ ಬಿತ್ತುವ ಯಂತ್ರ ಮಾಡಿ ಹೆಸರಾದವನು. ಎಂದರೆ ಕೂರಿಗೆ. ನಮ್ಮ ರೈತ ರಾಗಿ ಹೊಲದಲ್ಲಿ ಎತ್ತು ಕಟ್ಟಿ ಹೊಡೆಯುವ ಅದೇ ಕೂರಿಗೆ. 1790ರ ದಶಕದಲ್ಲಿ ಕ್ಯಾಪ್ಟನ್ ಹಾಲ್ಕಟ್ ಎಂಬ ಇಂಗ್ಲಿಷರವನು ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆ ಓಡುವುದನ್ನು ಕಂಡು ಬೆರಗಾದ. ಅದು ಯುರೋಪಿನ ಹೊಸ ಶೋಧ ಎಂದೇ ಅವನು ಅಲ್ಲಿಯವರೆಗೆ ನಂಬಿದ್ದ. ಅವನ ವರದಿಯನ್ನು ಇತಿಹಾಸಕಾರ ಧರಂಪಾಲರು ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಿದ್ದು 1971ರಲ್ಲಿ, ‘ಅಕ್ವಲಂಗ್’ ಬಂದ ವರ್ಷವೇ. ಈ ಮರುಮುದ್ರಣಕ್ಕೆ ಲಾಳವೂ ಇರಲಿಲ್ಲ, ಉಬ್ಬೂ ಇರಲಿಲ್ಲ. ಸಭೆಯಲ್ಲಿ ಯಾರೂ ಓದಿಲ್ಲ.

ಯಲಹಂಕದ ಹುಡುಗ ಸಭೆಗೆ ಬರುವ ದಾರಿಯಲ್ಲೇ, ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ. ಕಾರಿನಲ್ಲಿ ಟಲ್ ಹಾಡುತ್ತಿರುತ್ತಾನೆ, ಗೇಟು ಹಾದು ಹೋಗುತ್ತದೆ. ಹೆಬ್ಬಾಳದಲ್ಲಿ 1899ರಲ್ಲೇ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮೂವತ್ತು ಎಕರೆ ಕೊಟ್ಟು ಕೃಷಿ ಪ್ರಯೋಗ ಶುರು ಮಾಡಿಸಿದ್ದರು. ಅದೇ ಪರಂಪರೆಯಲ್ಲಿ ಬಂದದ್ದು ಜಿಪಿಯು-28 ರಾಗಿ, ಬೆಂಕಿ ರೋಗ ತಡೆಯುವ ತಳಿ. ಹೊಸ ಆವೃತ್ತಿ ಎಂದರೆ ಅದು: ಹಳೆಯದಕ್ಕೆ ಬರುತ್ತಿದ್ದ ರೋಗ ಹೊಸದಕ್ಕೆ ಬರಬಾರದು. ಇಲ್ಲಿ ತದ್ವಿರುದ್ಧ. ಹೊಸ ಪೆಟ್ಟಿಗೆ ಬಂದಷ್ಟೂ ರೋಗ ಉಲ್ಬಣ.

ಹುಡುಗನ ಪ್ರಯಾಣಕ್ಕೆ ತಕ್ಕ ಹಾಡೂ ಇದೆ. ‘ಥಿಕ್ ಆ್ಯಸ್ ಎ ಬ್ರಿಕ್’ 1972ರದು. ಒಂದೇ ಹಾಡು, ನಲವತ್ತಮೂರು ನಿಮಿಷ ಚಿಲ್ಲರೆ. ಪ್ಲೇಟಿನ ಒಂದು ಮೈಗೆ ಹಿಡಿಸದೆ ಮಧ್ಯದಲ್ಲಿ ಕತ್ತರಿಸಿ ಮಗುಚಿದ್ದಾರೆ. ಮನೆಯಿಂದ ಹೊರಟರೆ ಹೆಬ್ಬಾಳ ಇಳಿಯುವ ಹೊತ್ತಿಗೆ ಮುಗಿಯುತ್ತದಂತೆ. ಮಳೆ ಬಂದರೆ 2012ರಲ್ಲಿ ಬಂದ ಎರಡನೇ ಭಾಗವೂ ಮುಗಿಯುತ್ತದೆ. ಹೆಬ್ಬಾಳದ ಮೇಲ್ಸೇತುವೆಯೂ ಒಂದು ಪ್ರೋಗ್ರೆಸಿವ್ ರಾಕ್ ಕೃತಿಯೇ. ಎಲ್ಲಿ ಶುರು, ಎಲ್ಲಿ ತಿರುವು, ಯಾವ ತಾಳ ಎಂದು ಹೊಸಬನಿಗೆ ತಿಳಿಯುವುದಿಲ್ಲ. 2025ರ ಆಗಸ್ಟಿನಲ್ಲಿ ಹೊಸ ಲೂಪ್ ಸೇರಿಸಿ ಪರಿಷ್ಕೃತ ಆವೃತ್ತಿಯನ್ನೂ ಬಿಡುಗಡೆ ಮಾಡಿದರು. ಜಾಮ್ ಈಗ ಮೇಖ್ರಿ ಸರ್ಕಲ್ ಕಡೆಯಿಂದ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.

ಇದರ ನಿಜವಾದ ತಮಾಷೆ ಇಲ್ಲಿದೆ. ‘ಅಕ್ವಲಂಗ್’ ಕೇಳಿದ ವಿಮರ್ಶಕರು ಅದರಲ್ಲೊಂದು ಘನವಾದ ಪರಿಕಲ್ಪನೆ ಇದೆ ಎಂದರು. ಇಲ್ಲ ಎಂದ ಆಂಡರ್ಸನ್. ಅವರು ಬಿಡಲಿಲ್ಲ. ಹಾಗಾದರೆ ತಗೊಳ್ಳಿ ಎಂದು, ಅಂಥ ಘನ ಆಲ್ಬಮ್ಮುಗಳನ್ನು ಗೇಲಿ ಮಾಡಲೆಂದೇ ‘ಬ್ರಿಕ್’ ಮಾಡಿದ. ಎಂಟು ವರ್ಷದ ಹುಡುಗನೊಬ್ಬ ಬರೆದ ಕವಿತೆ ಎಂದು ಸುಳ್ಳು ಹೇಳಿ, ಹೊದಿಕೆಯನ್ನು ಹನ್ನೆರಡು ಪುಟದ ಸುಳ್ಳು ಪತ್ರಿಕೆ ಮಾಡಿದ. ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. 2012ರಲ್ಲಿ ನಲವತ್ತನೇ ವರ್ಷದ್ದು, 2022ರಲ್ಲಿ ಐವತ್ತನೇ ವರ್ಷದ್ದು ಬಂತು. ನಮ್ಮ ಸಭೆ ತಲೆಗೊಂದರಂತೆ ಕೊಂಡಿತು. ತಮ್ಮನ್ನೇ ಆಡಿಕೊಂಡ ತಮಾಷೆಗೆ ಐವತ್ತು ವರ್ಷ ಕಂತು ಕಟ್ಟುವ ಗಿರಾಕಿಗಳು ಬೇರೆಲ್ಲಿ ಸಿಗುತ್ತಾರೆ? ಇದನ್ನು ಹೇಳಿದೆ. ಡಾಕ್ಟರು ಗಂಭೀರರಾದರು. ‘ಆ ವ್ಯಂಗ್ಯ ಐವತ್ತನೇ ವರ್ಷದ್ದರಲ್ಲಿ ಇನ್ನೂ ಕ್ಲಿಯರ್ ಆಗಿ ಕೇಳಿಸತ್ತೆ ಸಾರ್.’

ಇದೇ ಮಹನೀಯರು 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಬಳಿದು ಬಿಡುಗಡೆ ಮಾಡಿದಾಗ ಬಿದ್ದು ಬಿದ್ದು ನಕ್ಕಿದ್ದರು. ಅದೂ 1971ರ ಚಿತ್ರವೇ. ‘ಹಳೇದನ್ನ ಹಾಳು ಮಾಡೋದು ಯಾಕ್ರೀ’ ಎಂದಿದ್ದರು ಮ್ಯಾನೇಜರು, ಮೂರು ವರ್ಷದ ಹಿಂದೆ ತಾನೇ ತರಿಸಿದ್ದ ಪೆಟ್ಟಿಗೆಗೆ ಒರಗಿಕೊಂಡು. ‘ಓಂ’ ಚಿತ್ರ 1995ರಿಂದ ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆ ಕಂಡಿದೆ ಎಂದರೆ ‘ಫ್ಯಾನ್ಸ್ ಹುಚ್ಚು’ ಎನ್ನುತ್ತಾರೆ. ಆಟೋ ಸ್ಟ್ಯಾಂಡಿನ ಅಭಿಮಾನಿ ಕಟೌಟಿಗೆ ಹಾಲು ಸುರಿದರೆ ಹುಚ್ಚು, ಇವರು ಪ್ಲೇಟಿಗೆ ಇಂಪೋರ್ಟೆಡ್ ದ್ರಾವಣ ಹನಿಸಿ ಹತ್ತಿಯಲ್ಲಿ ಒರೆಸಿದರೆ ರಸಿಕತೆ. ಅವನು ಪ್ರತಿ ಸಲ ಒಂದು ಟಿಕೆಟ್ ಕೊಂಡು, ಶಿಳ್ಳೆ ಹೊಡೆದು, ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಬೀರು ಮಾಡಿಸುವುದಿಲ್ಲ. ಹಾಗೆ ನೋಡಿದರೆ ಕೊಟ್ಟು ಕೊಟ್ಟು ಬರಿದಾದ ‘ಕಸ್ತೂರಿ ನಿವಾಸ’ದ ನಾಯಕನಿಗೆ ಹತ್ತಿರದವರು ಇವರೇ. ಆತ ಕೊಟ್ಟದ್ದು ಕಷ್ಟದಲ್ಲಿದ್ದವರಿಗೆ, ಅಷ್ಟೇ ವ್ಯತ್ಯಾಸ.

ಆಂಡರ್ಸನ್ ಬಗ್ಗೆ ನನಗೆ ಗೌರವವಿದೆ, ಒಂದು ಕಾರಣಕ್ಕೆ. ಗುರುವಿಲ್ಲದೆ ಕೊಳಲು ಕಲಿತ ಆತ ದಶಕಗಟ್ಟಲೆ ಬೆರಳು ತಪ್ಪಿಟ್ಟೇ ನುಡಿಸಿದ್ದ. ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ ಅಪ್ಪನ ತಪ್ಪು ಹೊರಬಿತ್ತು. ನಡುವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಕೂತು ಮತ್ತೆ ಮೊದಲಿನಿಂದ ಕಲಿತ. ಈ ಬ್ಯಾಂಡಿನ ಇತಿಹಾಸದಲ್ಲಿ ನಾನು ಒಪ್ಪುವ ರೀಮಾಸ್ಟರ್ ಇದೊಂದೇ. ಸಭೆಯ ಮುಂದಿಟ್ಟೆ. ಒಂದು ಗಂಟೆ ಚರ್ಚೆಯಾಯಿತು. ಸರ್ವಾನುಮತದ ನಿರ್ಣಯ: ತಪ್ಪು ಬೆರಳಿನ ಕಾಲವೇ ಸುವರ್ಣಯುಗ.

ನನ್ನ ಹತ್ತಿರ ‘ಅಕ್ವಲಂಗ್’ ಎರಡೇ ಇವೆ. ಮೂರನೆಯದು ಉಡುಗೊರೆ, ಲೆಕ್ಕಕ್ಕಿಲ್ಲ.

ಈ ತಿಂಗಳ ಸಭೆ ಮುಂದಕ್ಕೆ ಹೋಗಿದೆ. ಯಜಮಾನರಿಗೆ ಹೊಸ ಪೆಟ್ಟಿಗೆ ಬಂದಿದೆ. ‘ರೀ, ಇದು ಹೋದ ವರ್ಷ ತಂದಿದ್ದೇ ಅಲ್ವಾ?’ ಎಂದು ಅವರ ಮನೆಯವರು ಕೇಳಿದ್ದಕ್ಕೆ ಎರಡು ದಿನ ಮಾತಿಲ್ಲವಂತೆ. ಬೀರು ತುಂಬಿಹೋಗಿತ್ತು. ಅಡುಗೆಮನೆಯ ಶೆಲ್ಫಿನಲ್ಲಿ ಜಾಗ ಮಾಡಿದ್ದಾರೆ. ರಾಗಿ ಡಬ್ಬ ಕೆಳಗಿಳಿದಿದೆ.