ಗೃಹಯಂತ್ರಜನ್ಯ ಕಾಫಿಯ ತಿಕ್ತತೆ: ಒಂದು ಕಾರಣಮೀಮಾಂಸೆ

ಕನ್ನಡದ ವಿದ್ವಾಂಸರು ಶಾಸನಗಳ ಕಾಲನಿರ್ಣಯ ಮಾಡಿದ್ದಾರೆ, ಕವಿಗಳ ಮತನಿರ್ಣಯ ಮಾಡಿದ್ದಾರೆ. ಸ್ಥಳನಾಮಗಳ ಮೂಲ ಹುಡುಕುತ್ತ ಹೊರಟವರು ಆ ಸ್ಥಳಕ್ಕೆ ಬಸ್ಸು ಎಲ್ಲಿಂದ ಹೊರಡುತ್ತದೆಂಬುದನ್ನೂ ಮರೆತಿದ್ದಾರೆ. ಆದರೆ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಕಟ್ಟೆಯ ಮೇಲಿನ ಕಾಫಿ ಮೇಕರ್ ಬೇವಿನೆಲೆ ಅರೆದು ಕದಡಿದಂಥ ದ್ರವವನ್ನು ಏಕೆ ಸುರಿಸುತ್ತದೆ ಎಂಬುದರ ಬಗ್ಗೆ ಒಂದು ಸಂಪ್ರಬಂಧವೂ ಪ್ರಸ್ತುತ ಸಂಶೋಧಕನ ಕಣ್ಣಿಗೆ ಬಿದ್ದಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿ ಏಳು ವಾರಗಳು, ಒಂದೂವರೆ ಕಿಲೋ ಪುಡಿ, ಇನ್ನೂರು ಪುಟದ ಒಂದು ನೋಟುಬುಕ್ಕು ಮತ್ತು ಅಳತೆಗೆ ಸಿಗದಷ್ಟು ಗೃಹಶಾಂತಿ ವ್ಯಯವಾಗಿವೆ.

ಮೊದಲು ಪರಿಭಾಷೆ. ರಸಗಳು ಆರು: ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ತಿಕ್ತವೆಂದರೆ ಕಹಿ, ಕಷಾಯವೆಂದರೆ ಒಗರು. ಸಾಕ್ಷಿ ಸಂಖ್ಯೆ ಒಂದು (ಸಂಶೋಧಕನ ತಾಯಿ, ವಯಸ್ಸು 81, ಸ್ನಾನ ಮತ್ತು ದೇವರ ಪೂಜೆ ಮುಗಿಯದೆ ಕಾಫಿ ಮುಟ್ಟದವರು) ಮೊದಲ ಗುಟುಕಿಗೇ "ಇದೇನೋ, ಕಾಫಿಯೋ ಕಷಾಯವೋ?" ಎಂದರು. ಪಾಮರರು ಇದನ್ನು ಬೈಗುಳವೆಂದು ತಿಳಿದಾರು. ಶಾಸ್ತ್ರದ ಕಣ್ಣಿನಲ್ಲಿ ಇದು ಕರಾರುವಾಕ್ಕಾದ ನಿದಾನ. ಪುಡಿಯಿಂದ ನೀರು ಅಗತ್ಯಕ್ಕಿಂತ ಹೆಚ್ಚು ಎಳೆದುಕೊಂಡಾಗ ಬರೀ ಕಹಿ ಬರುವುದಿಲ್ಲ. ನಾಲಿಗೆಯನ್ನು ಒಣಗಿಸಿ ಒಸಡಿಗೆ ಅಂಟುವ ಒಗರೂ ಜೊತೆಗೇ ಬರುತ್ತದೆ. ಸಾಕ್ಷಿ ಸಂಖ್ಯೆ ಮೂರು (ಎದುರುಮನೆಯವರು, ದಿನವೂ ವಾಕಿಂಗ್ ಮುಗಿಸಿ ಏಳೂವರೆಗೆ ಬರುವವರು) ಬಳಸಿದ ಪದ 'ಕಲಗಚ್ಚು'. ಈ ಪದ ದ್ರವವನ್ನು ಕುರಿತದ್ದೋ, ಕುಡಿಯುವ ಪ್ರಾಣಿಯನ್ನು ಕುರಿತದ್ದೋ ಎಂಬ ಜಿಜ್ಞಾಸೆ ಇನ್ನೂ ಇತ್ಯರ್ಥವಾಗಿಲ್ಲ. ಸಾಕ್ಷಿ ಸಂಖ್ಯೆ ಎರಡು (ಸಂಶೋಧಕನ ಪತ್ನಿ) "ನನಗೇನೂ ಕಹಿ ಅನ್ನಿಸಲಿಲ್ಲಪ್ಪ" ಎಂದರು. ಅವರು ಬಣ್ಣ, ವಾಸನೆ, ಉಷ್ಣತೆ ಯಾವುದನ್ನೂ ಟಿಪ್ಪಣಿ ಮಾಡಿಕೊಳ್ಳದೆ, ಯಂತ್ರ ನಿಂತ ಕೂಡಲೇ ನಿಂತಲ್ಲೇ ಬಗ್ಗಿಸಿಕೊಂಡು ಕುಡಿದವರು. ವಿಧಾನಶುದ್ಧಿಯಿಲ್ಲದ ಹೇಳಿಕೆಯೆಂದು ಅದನ್ನು ನೋಟುಬುಕ್ಕಿನ ಮೊದಲ ಪುಟದಲ್ಲೇ ದಾಖಲಿಸಿ, ಪಕ್ಕದಲ್ಲಿ 'ಅಪ್ರಸ್ತುತ' ಎಂದು ಗುರುತು ಹಾಕಲಾಯಿತು.

ಈಗ ಪೂರ್ವಪಕ್ಷ. ಕಹಿಗೆ ಕೆಫೀನ್ ಕಾರಣ ಎಂಬುದು ಎದುರುಮನೆಯವರ ವಾದ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುವುದೂ ನಿಜ, ರೋಬಸ್ಟಾ ಹೆಚ್ಚು ಕಹಿ ಎಂಬುದೂ ನಿಜ. ಆದರೆ ಕೆಫೀನ್ ತೆಗೆದ ಕಾಫಿಯೂ ಕಹಿಯೇ ಆಗಿರುವುದರಿಂದ ಈ ವಾದ ಕುಂಟುತ್ತದೆ. 2007ರಲ್ಲಿ ಮ್ಯೂನಿಕ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಹಾಫ್‌ಮನ್ ಮತ್ತು ಸಂಗಡಿಗರು ಕಹಿಯಲ್ಲಿ ಕೆಫೀನಿನ ಪಾಲು ಚಿಕ್ಕದೆಂದು ತೋರಿಸಿಕೊಟ್ಟರು. ಹದವಾಗಿ ಹುರಿದ ಬೀಜದಲ್ಲಿ ಕಹಿಯ ದೊಡ್ಡ ಪಾಲು ಕ್ಲೋರೋಜೆನಿಕ್ ಆಮ್ಲದಿಂದ ಹುಟ್ಟುವ ಲ್ಯಾಕ್ಟೋನ್‌ಗಳದ್ದು. ಕರ‍್ರಗೆ ಹುರಿದರೆ ಅವು ಒಡೆದು ಫಿನೈಲಿಂಡೇನ್ ಎಂಬ ಇನ್ನೂ ಗಡುಸಾದ ಕಹಿಗೆ ದಾರಿ ಮಾಡುತ್ತವೆ. ಅಂದರೆ ಹಸಿ ಬೀಜದಲ್ಲಿ ಇಲ್ಲದ್ದನ್ನು ಬಾಣಲೆ ಹುಟ್ಟಿಸುತ್ತದೆ. ಎದುರುಮನೆಯವರಿಗೆ ಇದನ್ನು ವಿವರಿಸಲು ನಲವತ್ತು ನಿಮಿಷ ಹಿಡಿಯಿತು. ಅವರ ಎರಡನೇ ಲೋಟ ಮೊದಲನೆಯದಕ್ಕಿಂತ ಕಹಿಯಾಗಿತ್ತೆಂದು ಅವರು ದೂರಿದರು. ಆಗ ಇದನ್ನು ಪೂರ್ವಗ್ರಹವೆಂದು ಭಾವಿಸಲಾಯಿತು.

ಚಿಕೋರಿಯ ಪ್ರಶ್ನೆ ಗ್ರಂಥಸಂಪಾದನಾಶಾಸ್ತ್ರಕ್ಕೆ ಸೇರಿದ್ದು. ಮೂಲಪಾಠಕ್ಕೆ ನಂತರದವರು ಸೇರಿಸಿದ ಪದ್ಯಗಳನ್ನು ಪ್ರಕ್ಷಿಪ್ತವೆನ್ನುತ್ತೇವೆ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿಮಾಡಿ ಕಾಫಿಗೆ ಬೆರೆಸುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ, ಬಣ್ಣ ಇದೆ, ಮೈ ಇದೆ, ತನ್ನದೇ ಆದೊಂದು ಕಹಿಯಿದೆ. ನಮ್ಮ ದೇಶದ ನಿಯಮದಂತೆ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಮಿಕ್ಕ 49 ಪ್ರಕ್ಷಿಪ್ತವಾದರೂ ಅಡ್ಡಿಯಿಲ್ಲ. ಯಾವ ಕಾವ್ಯಕ್ಕೂ ಸಂಪಾದಕರು ಇಷ್ಟು ಔದಾರ್ಯ ತೋರಿದ್ದಿಲ್ಲ. ನಮ್ಮ ಮನೆಯ ಪುಡಿ ಎಂಬತ್ತು-ಇಪ್ಪತ್ತು. ಎರಡು ವಾರ ಶುದ್ಧಪಾಠವನ್ನೇ ಬಳಸಿದ್ದಾಯಿತು. ಕಹಿ ತಗ್ಗಲಿಲ್ಲ, ತಾಯಿಯವರ ಬಾಯಲ್ಲಿ ಮಾತ್ರ 'ನೀರು' ಎಂಬ ವಿಶೇಷಣ ಹೊಸದಾಗಿ ಸೇರಿತು.

ನೀರಿನ ಮಾತು ಬಂದಿದ್ದರಿಂದ ಅದನ್ನೂ ಮುಗಿಸಿಬಿಡೋಣ. ಬೆಂಗಳೂರಿನ ನಮ್ಮ ನಲ್ಲಿಯಲ್ಲಿ ಸರದಿ ದಿನ ಬರುವುದು ಕಾವೇರಿ, ಉಳಿದ ದಿನ ಬೋರ್‌ವೆಲ್. ಕಾವೇರಿ ಹುಟ್ಟುವುದು ಕೊಡಗಿನಲ್ಲಿ, ನಮ್ಮ ಪುಡಿಯ ಬೀಜ ಬೆಳೆದದ್ದೂ ಕೊಡಗಿನಲ್ಲಿ. ಒಂದೇ ಬೆಟ್ಟಸಾಲಿನ ಈ ಇಬ್ಬರು, ಒಬ್ಬರು ಪೈಪಿನಲ್ಲಿ, ಇನ್ನೊಬ್ಬರು ಲಾರಿಯಲ್ಲಿ ಹೊರಟು ನೂರಾರು ಕಿಲೋಮೀಟರ್ ದೂರದ ನಮ್ಮ ಅಡುಗೆಮನೆಯಲ್ಲಿ ಸಂಧಿಸುವುದನ್ನು ಯೋಚಿಸಿದಾಗ ಸಂಶೋಧಕನ ಕಣ್ಣು ತೇವವಾಯಿತು. ಬೋರ್‌ವೆಲ್ ನೀರಿನ ಕಥೆ ಬೇರೆ. ಅದು ಗಡಸು. ಯಂತ್ರದ ಕೊಳವೆಯಲ್ಲಿ ಬಿಳಿ ಸುಣ್ಣ ಕಟ್ಟಿ, ಐದಾರು ನಿಮಿಷದಲ್ಲಿ ಇಳಿಯಬೇಕಾದ ನೀರು ಹನ್ನೆರಡು ನಿಮಿಷ ತೊಟ್ಟಿಕ್ಕುತ್ತಿತ್ತು. ಒಂದು ದೊಡ್ಡ ಚಮಚ ನಿಂಬೆ ಉಪ್ಪನ್ನು ಕದಡಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ಓಡಿಸಿದ ಮೇಲೆ ಯಂತ್ರದ ಕೆಮ್ಮು ನಿಂತಿತು. ಹಳೆಯ ಕಾಫಿಯ ಎಣ್ಣೆ ಜಾಡಿಯ ಒಳಗೋಡೆಗೆ ಅಂಟಿ ಕಮಟಿದ್ದನ್ನೂ ಆಗಲೇ ತೊಳೆಯಲಾಯಿತು. ನೀರು ವಿಪರೀತ ಕಾದು ಪುಡಿ ಸೀದಿತೆಂಬ ಆರೋಪ ಮಾತ್ರ ಇಲ್ಲಿ ಅಷ್ಟು ನಿಲ್ಲದು. ಕಾಫಿಗೆ ಬೇಕಾದ ಬಿಸಿ 90ರಿಂದ 96 ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ. ಮಂಗಳೂರಿನವರು ಎಚ್ಚರದಿಂದಿರತಕ್ಕದ್ದು.

ಇನ್ನು ಪ್ರಬಂಧದ ಹೃದಯಭಾಗ: ಪ್ರಮಾಣವಿಚಾರ. ಯಂತ್ರದ ಜೊತೆಗೆ ಬಂದ ಕೈಪಿಡಿ ಹದಿನಾಲ್ಕು ಭಾಷೆಗಳಲ್ಲಿದೆ, ಕನ್ನಡ ಅವುಗಳಲ್ಲಿಲ್ಲ. 'ಒಂದು ಕಪ್ಪಿಗೆ ಒಂದು ಚಮಚ' ಎಂಬುದು ಅದರ ಮಹಾವಾಕ್ಯ. ಭಾಷ್ಯಕಾರರಿಲ್ಲದ ಮಹಾವಾಕ್ಯ ಎಂಥ ಅನರ್ಥಕ್ಕೆ ಎಡೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಕಪ್ಪೆಂದರೆ ಜಾಡಿಯ ಮೇಲಿನ ಗೀಟು, ಅಳೆದರೆ 125 ಮಿಲಿಲೀಟರ್. ಚಮಚವೆಂದರೆ ಪೆಟ್ಟಿಗೆಯಲ್ಲಿದ್ದ ಕಪ್ಪು ಪ್ಲಾಸ್ಟಿಕ್ಕಿನದು, ಸುಮಾರು 7 ಗ್ರಾಂ ಹಿಡಿಯುವಂಥದು. ಅದು ಮೊದಲ ವಾರವೇ ಉಪ್ಪಿನ ಡಬ್ಬಿಗೆ ವರ್ಗವಾಗಿತ್ತು. ಸಂಶೋಧಕ ಬಳಸುತ್ತಿದ್ದುದು ಟೀ ಚಮಚ, ಅಂದರೆ ಎರಡು ಗ್ರಾಂ. ನಾಲ್ಕು ಕಪ್ಪಿಗೆ ನಾಲ್ಕು ಚಮಚ. ಕಾಫಿ ಕಹಿಯಾಯಿತು. ಕಹಿಯಾಯಿತೆಂದು ಮೂರು ಚಮಚಕ್ಕೆ ಇಳಿಸಿದ್ದಾಯಿತು. ಇನ್ನೂ ಕಹಿಯಾಯಿತು! ಎರಡಕ್ಕೆ ಇಳಿಸಿದಾಗ ಬಂದದ್ದು ಏಕಕಾಲಕ್ಕೆ ನೀರೂ ಹೌದು, ವಿಷವೂ ಹೌದು.

ಲೋಕರೂಢಿಗೆ ವಿರುದ್ಧವಾದ ಈ ಫಲಿತಾಂಶಕ್ಕೆ ಕಾರಣ ಸರಳ. ಹುರಿದ ಪುಡಿಯ ತೂಕದಲ್ಲಿ ನೀರಿಗೆ ಕರಗಬಲ್ಲದ್ದು ಸುಮಾರು ಶೇ. 30. ಅಷ್ಟನ್ನೂ ಎಳೆಯಬಾರದು. 18ರಿಂದ 22ರವರೆಗೆ ಎಳೆದರೆ ಹದ ಎಂದು ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿಯೇ ನಕ್ಷೆ ಬರೆದಿಟ್ಟರು. ಮೊದಲು ಇಳಿಯುವುದು ಹುಳಿ, ಆಮೇಲೆ ಸಿಹಿ ಮತ್ತು ಪರಿಮಳ, ಕಟ್ಟಕಡೆಗೆ ಕಹಿ ಮತ್ತು ಒಗರು. ಪುಡಿ ಸಾಕಷ್ಟಿದ್ದರೆ ನೀರು ಒಳ್ಳೆಯದನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ. ಪುಡಿ ಕಡಿಮೆಯಿದ್ದರೆ ಅದೇ ನೀರು ಕಬ್ಬಿನ ಸಿಪ್ಪೆಯನ್ನು ನಾಲ್ಕನೇ ಸಲ ಗಾಣಕ್ಕೆ ಕೊಟ್ಟಂತೆ ಚರಟವನ್ನು ಹಿಂಡುತ್ತದೆ. ನಮ್ಮವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಹೊತ್ತಲ್ಲದ ಹೊತ್ತಿಗೆ ನೆಂಟರು ಬಂದಾಗ ಹಿತ್ತಾಳೆ ಫಿಲ್ಟರಿನ ಹಳೇ ಚರಟದ ಮೇಲೆ ಇನ್ನೊಮ್ಮೆ ಬಿಸಿನೀರು ಹೊಯ್ದು ಇಳಿಸುವ ಎರಡನೇ ಡಿಕಾಕ್ಷನ್ ಇದೆಯಲ್ಲ, ಅದರ ತತ್ವವೂ ಇದೇ. ಆ ಕಾಫಿ ಕುಡಿದವರು ಬೇಗ ಹೊರಡುತ್ತಾರೆ. ಯಂತ್ರವೆಂದು ಹೆಮ್ಮೆಯಿಂದ ಅಟ್ಟಕ್ಕೆ ಫಿಲ್ಟರ್ ಏರಿಸಿದ ಸಂಶೋಧಕ ಎರಡು ವಾರಗಳ ಕಾಲ ತನ್ನ ಮನೆಯವರನ್ನೇ ಹೊತ್ತಲ್ಲದ ಹೊತ್ತಿನ ನೆಂಟರಂತೆ ನಡೆಸಿಕೊಂಡಿದ್ದನೆಂಬುದು ಇದರಿಂದ ಸಿದ್ಧ. ಲೀಟರಿಗೆ 55 ಗ್ರಾಂ ಲೆಕ್ಕದಲ್ಲಿ, ನಾಲ್ಕು ಕಪ್ಪಿಗೆ 28 ಗ್ರಾಂ ತೂಗಿ ಹಾಕಿದ ದಿನ ಮೊದಲ ಬಾರಿಗೆ ಅಡುಗೆಮನೆಯಲ್ಲಿ ಘಮ ಹಬ್ಬಿತು.

ಆದರೂ ಕಾಗದದ ಸೋಸುಕ ಅರ್ಧಕ್ಕೇ ಕಟ್ಟಿಕೊಂಡು, ಗಸಿ ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಈ ಸೋಸುಕದ ಇತಿಹಾಸ ಸ್ವಾರಸ್ಯಕರ. 1908ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ, ಕಾಫಿಯ ಕಹಿಗೂ ಗಸಿಗೂ ರೋಸಿಹೋಗಿ, ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ನೋಟುಬುಕ್ಕಿನ ಹೀರುಕಾಗದ ಹಾಸಿ ಸೋಸಿದಳು. ಪೇಟೆಂಟ್ ಕೂಡ ಪಡೆದಳು. ಸಂಶೋಧನೆಗೆ ನೋಟುಬುಕ್ಕು ಹೇಗೆ ಉಪಯೋಗಕ್ಕೆ ಬರಬೇಕೆಂಬ ಬಗ್ಗೆ ಈ ಹೆಂಗಸಿಗೂ ಪ್ರಸ್ತುತ ಸಂಶೋಧಕನಿಗೂ ಭಿನ್ನಾಭಿಪ್ರಾಯವಿದೆ. ಕಟ್ಟಿಕೊಂಡದ್ದಕ್ಕೆ ಕಾರಣ ಒಂದು ಶ್ಲೇಷೆ. ಪುಡಿಯಂಗಡಿಯವರು ಪ್ರತಿ ತಿಂಗಳೂ "ಯಾವುದಕ್ಕೆ ಸಾರ್, ಫಿಲ್ಟರಿಗಾ?" ಎನ್ನುತ್ತಿದ್ದರು. ಯಂತ್ರದಲ್ಲೂ ಫಿಲ್ಟರ್ ಇರುವುದರಿಂದ "ಹೌದು, ಫಿಲ್ಟರಿಗೇ" ಎಂದು ಉತ್ತರಿಸಲಾಗುತ್ತಿತ್ತು. ಅವರು ಹಿತ್ತಾಳೆ ಫಿಲ್ಟರಿಗೆ ತಕ್ಕಂತೆ ನುಣ್ಣಗೆ ಬೀಸಿ ಕೊಡುತ್ತಿದ್ದರು. ನುಣ್ಣನೆಯ ಪುಡಿಯಲ್ಲಿ ನೀರು ತಂಗುವುದೂ ಹೆಚ್ಚು, ಕಹಿಯನ್ನು ಎಳೆಯುವುದೂ ಹೆಚ್ಚು. "ಸಣ್ಣ ರವೆ ಥರ ಬೀಸಿ" ಎಂಬ ನಾಲ್ಕೇ ಪದಗಳಿಂದ ಈ ಅಧ್ಯಾಯ ಮುಗಿದದ್ದು ಸಂಶೋಧಕನಿಗೆ ಕೊಂಚ ನಿರಾಶೆ ತಂದಿತು.

ಹೀಗೆ ಬೀಜ, ಚಿಕೋರಿ, ನೀರು, ಅಳತೆ, ತರಿ ಎಲ್ಲವೂ ಶುದ್ಧವಾದವು. ಏಳನೇ ವಾರದ ಸೋಮವಾರ, ಎಲ್ಲ ದೋಷಗಳಿಂದ ಮುಕ್ತವಾದ ಕಾಫಿ ಇಳಿಯಿತು. ಸಂಶೋಧಕ ಎಂದಿನಂತೆ ಬಣ್ಣ, ವಾಸನೆ, ನೊರೆಯ ಆಯುಷ್ಯ, ಜಾಡಿಯ ಉಷ್ಣತೆ ಬರೆದುಕೊಂಡು, ನಿನ್ನೆಯ ದಾಖಲೆಯೊಂದಿಗೆ ಹೋಲಿಸಿ, ಶೀರ್ಷಿಕೆಗಳಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಲೋಟ ಎತ್ತಿದ. ಕಹಿ.

ಅಂದು ಮೊದಲ ಬಾರಿಗೆ ವೇಳೆಯ ಕಲಂ ಓದಿದ್ದಾಯಿತು. ಯಂತ್ರ ನಿಂತದ್ದು 6.36ಕ್ಕೆ. ಸಂಶೋಧಕ ಕುಡಿದದ್ದು 7.10ಕ್ಕೆ. ತಾಯಿಯವರು ಪೂಜೆ ಮುಗಿಸಿ 7.15ಕ್ಕೆ, ಎದುರುಮನೆಯವರು 7.30ಕ್ಕೆ. ನಲವತ್ತೊಂಬತ್ತು ದಿನವೂ ಹೀಗೆಯೇ. ಅಷ್ಟು ಹೊತ್ತೂ ಜಾಡಿ ಕೂತಿದ್ದುದು ಯಂತ್ರದ ಬಿಸಿ ತಟ್ಟೆಯ ಮೇಲೆ. ಆ ತಟ್ಟೆ ಕಾಫಿಯನ್ನು ಬಿಸಿಯಾಗಿಡುವುದಷ್ಟೇ ಅಲ್ಲ, ಕಾಯಿಸುತ್ತಲೇ ಇರುತ್ತದೆ. ಪರಿಮಳ ಹಾರಿಹೋಗುತ್ತದೆ, ನೀರು ಆವಿಯಾಗಿ ಉಳಿದದ್ದು ಗಟ್ಟಿಯಾಗುತ್ತದೆ, ಆಮ್ಲಗಳು ಒಡೆದು ಕ್ವಿನಿಕ್ ಆಮ್ಲ ಏರುತ್ತ ಹೋಗುತ್ತದೆ. ಇಳಿದ ಕೂಡಲೇ ಫ್ಲಾಸ್ಕಿಗೆ ಬಗ್ಗಿಸಿಟ್ಟಿದ್ದರೆ ಸಾಕಿತ್ತು. ಪ್ರತಿ ದಿನದ ಕಲಮಿನಲ್ಲಿ 6.37ರ ನಮೂದು ಒಂದೇ, ಸಾಕ್ಷಿ ಸಂಖ್ಯೆ ಎರಡರದ್ದು.

"ಇದನ್ನು ಮೊದಲೇ ಹೇಳಬಾರದಿತ್ತೆ?" ಎಂದು ಅವರನ್ನು ಪಾಟೀಸವಾಲು ಮಾಡಲಾಯಿತು.

"ಮೊದಲನೇ ದಿನವೇ ಹೇಳಿದೆನಲ್ಲ. ನೀವು ಬರಕೊಂಡಿರಿ."

ಹೇಳಿಕೆಯ ಸತ್ಯಾಸತ್ಯತೆಯನ್ನು ಮೂಲಪ್ರತಿಯಲ್ಲಿ ಪರಿಶೀಲಿಸದೆ ಒಪ್ಪುವಂತಿಲ್ಲ. ಜಾಡಿಯಲ್ಲಿ ಹೊಸದಾಗಿ ಇಳಿದಿದ್ದ ಕಾಫಿಯನ್ನು ಹಾಗೆಯೇ ಬಿಟ್ಟು, ಸಂಶೋಧಕ ನೋಟುಬುಕ್ಕನ್ನು ಕೊನೆಯಿಂದ ಮೊದಲಿಗೆ ತಿರುವತೊಡಗಿದ. ಮೊದಲ ಪುಟ ಸಿಕ್ಕಿತು, ಅಲ್ಲಿ ತನ್ನದೇ ಅಕ್ಷರವೂ ಸಿಕ್ಕಿತು. ತಲೆಯೆತ್ತಿ ನೋಡಿದಾಗ ಗಡಿಯಾರದಲ್ಲಿ ಅರ್ಧ ಗಂಟೆ ಕಳೆದಿತ್ತು, ತಟ್ಟೆಯ ಕೆಂಪು ದೀಪ ಉರಿಯುತ್ತಲೇ ಇತ್ತು.