ಪರೀಕ್ಷೆ ಮಕ್ಕಳಿಗೆ, ಕೃಪಾಂಕ ಇಲಾಖೆಗೆ

2024ರ ಮಾರ್ಚ್. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಗೇಟಿಗೆ ಆತುಕೊಂಡು ಕೇಳಿದಳು: ‘ಅಂಕಲ್, ಸ್ಟೇ ಅಂದ್ರೆ ಏನು?’

ಕೈಯಲ್ಲಿ ಹೊಸ ರೈಟಿಂಗ್ ಪ್ಯಾಡು. ಕಂಪಾಸ್ ಬಾಕ್ಸಿನಲ್ಲಿ ಚೂಪು ಮಾಡಿಟ್ಟ ಎರಡು ಪೆನ್ಸಿಲ್. ಪರೀಕ್ಷೆ ಅರ್ಧಕ್ಕೆ ನಿಂತಿದೆ ಎಂದು ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿತ್ತು. ಭಾಗಾಕಾರದಲ್ಲೇ ತಡವರಿಸುವ ಮಗುವಿಗೆ ತಡೆಯಾಜ್ಞೆಯ ಪಾಠ!

ಆ ತಿಂಗಳ ವೇಳಾಪಟ್ಟಿ ನೆನಪಿಸಿಕೊಳ್ಳಿ. 5, 8, 9 ಮತ್ತು 11ನೇ ತರಗತಿಗಳ ಬೋರ್ಡ್ ಪರೀಕ್ಷೆಯನ್ನು ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ‘ನಡೆಸಿ’ ಎಂದಿತು. ಮಾರ್ಚ್ 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು. 25ಕ್ಕೆ ಪುನಃ ಶುರು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ಸುಪ್ರೀಂ ಕೋರ್ಟಿನ ತಡೆ. ಹತ್ತು ವರ್ಷದ ಮಕ್ಕಳು ಪರಿಸರ ಅಧ್ಯಯನ ಓದುತ್ತಿದ್ದರು. ಶಿಕ್ಷಣ ಇಲಾಖೆ ಕಾನೂನು ಓದಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಗೂಢಲಿಪಿಯಲ್ಲೇನೂ ಇಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ. ಅಷ್ಟೇ. ಇಲಾಖೆಗೆ ಪರಿಹಾರ ನಿಘಂಟಿನಲ್ಲಿ ಸಿಕ್ಕಿತು: ಇದು ಪರೀಕ್ಷೆಯೇ ಅಲ್ಲ, ‘ಮೌಲ್ಯಾಂಕನ’. ನಡೆಸುವುದು ಬೋರ್ಡು. ಪ್ರಶ್ನೆಪತ್ರಿಕೆ ಬೋರ್ಡಿನದು. ಆದರೆ ಬೋರ್ಡ್ ಪರೀಕ್ಷೆ ಮಾತ್ರ ಅಲ್ಲ. ಹೋಳಿಗೆಯನ್ನು ಚಪಾತಿ ಎಂದು ಕರೆದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಯೇ?

ಇತ್ತ ಕೋರ್ಟಿಗೆ ಹೋದವರು ಯಾರು? ಖಾಸಗಿ ಶಾಲೆಗಳ ಸಂಘಟನೆಯವರು. ಮಕ್ಕಳಿಗೆ ಒತ್ತಡವಾಗುತ್ತದಂತೆ. ಅವರ ಶಾಲೆಗಳಲ್ಲೋ ಎಲ್‌ಕೆಜಿ ಸೀಟಿಗೂ ಇಂಟರ್‌ವ್ಯೂ, ತಿಂಗಳು ತಿಂಗಳು ಯೂನಿಟ್ ಟೆಸ್ಟು. ಅಲ್ಲಿ ಕಾಣದ ಒತ್ತಡ ಬೋರ್ಡಿನ ಪ್ರಶ್ನೆಪತ್ರಿಕೆಯಲ್ಲಿ ಥಟ್ಟನೆ ಕಂಡುಬಿಟ್ಟಿತು. ಕರುಳು ಚುರ್ರೆಂದಿತು.

ಈಗ ಹತ್ತನೇ ತರಗತಿಗೆ ಬನ್ನಿ. ಇಲ್ಲಿ ಇಲಾಖೆಯ ರಾಗವೇ ಬೇರೆ.

2021ರಲ್ಲಿ ಕೋವಿಡ್ ನೆಪದಲ್ಲಿ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಫೇಲಾದದ್ದು ಒಬ್ಬರು. ಅದೂ ತಮ್ಮ ಬದಲು ಬೇರೊಬ್ಬರನ್ನು ಕೂರಿಸಿದ್ದಕ್ಕೆ. ಜಗತ್ತು ಬೆರಗಾಗಬೇಕಿತ್ತು. ಯಾಕೋ ಆಗಲಿಲ್ಲ.

2023ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್. ಫಲಿತಾಂಶ ಕುಸಿದುಬಿತ್ತು. ಅದಕ್ಕೂ ಮದ್ದಿತ್ತು: ಕೃಪಾಂಕ ಶೇ 10ರಿಂದ 20ಕ್ಕೆ ಏರಿತು. ಅದನ್ನು ಪಡೆಯುವ ಅರ್ಹತೆ ಶೇ 35ರಿಂದ 25ಕ್ಕೆ ಇಳಿಯಿತು. ಎಳೆದು ತಂದು ನಿಲ್ಲಿಸಿದ್ದು 73.40ಕ್ಕೆ. ಕೃಪೆ ತೋರದಿದ್ದರೆ 55 ಕೂಡ ದಾಟುತ್ತಿರಲಿಲ್ಲ. ಅಂದರೆ ಹಿಂದಿನ ವರ್ಷಗಳ ಆ ಎಂಬತ್ತರ ಮೇಲಿನ ಸಂಭ್ರಮ? ಅದನ್ನು ಕ್ಯಾಮೆರಾವನ್ನೇ ಕೇಳಿ.

ಮುಖ್ಯಮಂತ್ರಿ ಸಿಟ್ಟಾದರು. ಮುಂದಿನ ವರ್ಷದಿಂದ ಕೃಪಾಂಕ ಇಲ್ಲ ಎಂದರು. 2025ರಲ್ಲಿ ಫಲಿತಾಂಶ 66.14. ಮತ್ತೆ ಮುಖಭಂಗ.

ಆಮೇಲೆ ಆದದ್ದು ಗೊತ್ತಲ್ಲ? 2025ರ ಅಕ್ಟೋಬರ್ 15ರಂದು ಶಿಕ್ಷಣ ಸಚಿವರು ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸಿದರು. ಹಿಂಬಾಗಿಲಿನಿಂದ ಹೊರದಬ್ಬಿದ ಕೃಪಾಂಕ ಹೆಸರು ಬದಲಿಸಿಕೊಂಡು ಮುಂಬಾಗಿಲಲ್ಲೇ ಒಳಬಂತು. ಪ್ರತಿ ವಿಷಯದಲ್ಲಿ ಶೇ 30 ಇದ್ದು, ಒಟ್ಟು 625ಕ್ಕೆ 206 ಬಂದರೆ ಪಾಸ್. ಆ 625ರಲ್ಲಿ 125 ಆಂತರಿಕ ಅಂಕಗಳು. ಅವನ್ನು ಕೊಡುವುದು ಶಾಲೆಯೇ. ತಮ್ಮದೇ ಶಾಲೆಯ ಫಲಿತಾಂಶ ಎದುರಿಗಿರುವಾಗ ಎಷ್ಟು ಧಾರಾಳವಾಗಿ ಕೊಡುತ್ತಾರೆ ಎಂಬುದು ಮೇಷ್ಟ್ರಿಗೂ ಗೊತ್ತು, ನಿಮಗೂ ಗೊತ್ತು. ಇನ್ನು ಕಳೆಯುವ ಲೆಕ್ಕ ನೀವೇ ಮಾಡಿ.

ಅಂದರೆ ಹತ್ತು ವರ್ಷದ ಮಗುವಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗಿಯಾದರೂ ಬೋರ್ಡ್ ಪರೀಕ್ಷೆ ಮಾಡಬೇಕಿತ್ತು. ಅದೇ ಮಗುವಿಗೆ ಹದಿನೈದಾದಾಗ ರಿಯಾಯಿತಿ. ಬುಡದಲ್ಲಿ ಬರೆ, ತುದಿಯಲ್ಲಿ ಬೆಣ್ಣೆ.

ಅಕ್ಟೋಬರ್ 15ರಂದೇ ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರು ಎಲ್ಲಿದ್ದರು ಗೊತ್ತೇ? ತರಗತಿಯಲ್ಲಲ್ಲ. ಜಾತಿ ಸಮೀಕ್ಷೆ ಮುಗಿಸಲೆಂದು ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿತ್ತು ಸರ್ಕಾರ. ಬಿಸಿಲಲ್ಲಿ ಮನೆ ಮನೆ ಬಾಗಿಲು ತಟ್ಟುತ್ತ, ಮೊಬೈಲಿಗೆ ಓಟಿಪಿ ಬರುವುದನ್ನೇ ಕಾಯುತ್ತಿದ್ದರು. ಶಾಲೆಗೆ ಬೀಗ. ಸಚಿವರಿಂದ ಪಾಸಿನ ಘೋಷಣೆ. ಪಾಠವೇ ಇಲ್ಲದ ದಿನ ಪಾಸ್ ಸುಲಭವಾಯಿತು. ನ್ಯಾಯವೇ ಅಲ್ಲವೇ?

ಇಷ್ಟು ವರ್ಷಗಳಲ್ಲಿ ಬದಲಾಗಿದ್ದೇನು? ಪರೀಕ್ಷೆಯ ಹೆಸರು, ಪಾಸಿನ ಗೆರೆ. ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ ಅತಿಥಿ ಶಿಕ್ಷಕರನ್ನು ತಂದು ಕೂರಿಸುವ ಚಾಳಿ ಮಾತ್ರ ಹಾಗೇ ಇದೆ. ಜ್ವರ ಎತ್ತಿಗೆ, ಬರೆ ಎಮ್ಮೆಗೆ. ವರ್ಷ ವರ್ಷ ಫೇಲಾಗುತ್ತಿರುವುದು ಇಲಾಖೆ. ಅಂಕಪಟ್ಟಿಯಲ್ಲಿ ಹೆಸರು ಮಾತ್ರ ಮಕ್ಕಳದು.

ಆ ಹುಡುಗಿ ಐದು ದಾಟಿ ಮುಂದೆ ಹೋದಳು. ಐದನೇ ಕ್ಲಾಸಿನ ಅಂಕ ಎಷ್ಟೆಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳುವುದನ್ನು ಬಿಟ್ಟಳು. ನಾವು ಬಿಡಬಾರದು.